ಸ್ನೋ ಕಮ್ಮಿ ಐತೆ, ಆರಾಮಾಗಿ ಹೋಗ್ಬರಬಹುದು ಅಂದಿದ್ದೆ

ನಾನಿರೋದು ದಾವಣಗೆರೆ, ಕೆಲಸ ಟ್ರೆಕ್ ಲೀಡರ್. ಡಿಸೆಂಬರ್‌ನಿಂದ ಮಾರ್ಚ್ ತನಕ ಉತ್ತರಾಖಂಡದ ಸಾಂಕ್ರಿ ಕಡೆ ಬ್ಯಾಚ್ ಕರ್ಕೊಂಡು ಹೋಗ್ತೀನಿ, ಕೇದಾರಕಂಠ, 12,500 ಅಡಿ, ನಮ್ ಕಡೆ ಹುಡುಗ್ರಿಗೆಲ್ಲ ಅದೇ ಮೊದಲ ಹಿಮ. ವರ್ಷದ ಉಳಿದ ದಿನ ಚಿತ್ರದುರ್ಗದ ಸುತ್ತಮುತ್ತ ಬಂಡೆ ಹತ್ತಿಸೋದು, ಹಗ್ಗದ ಗಂಟು ಕಲಿಸೋದು. ನಾನು ಕಲ್ತಿದ್ದೇ ಬಂಡೆ ಮೇಲೆ, ಅದೇ ನನ್ನ ತಲೆ ಕೆಡಿಸಿದ್ದು. ಯಾಕಂದ್ರೆ ದುರ್ಗದ ಬಂಡೆ ನಿನ್ನೆ ಹೆಂಗಿತ್ತೋ ಇವತ್ತೂ ಹಂಗೇ ಇರುತ್ತೆ, ಒಂದು ಸಲ ಕಾಲಿಟ್ಟ ಜಾಗ ಮುಂದಿನ ವರ್ಷಾನೂ ಅಲ್ಲೇ ಸಿಗುತ್ತೆ. ಹಿಮ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು.

ಈಗೀಗ ಡಿಸೆಂಬರ್, ಜನವರಿಲಿ ಎಷ್ಟೋ ಸಲ ಹಿಮ ಬೀಳೋದೇ ಕಮ್ಮಿ. 2024ರ ಜನವರಿಲಿ ಕಾಶ್ಮೀರದ ಗುಲ್ಮಾರ್ಗೇ ಬೋಳಾಗಿ ನಿಂತಿದ್ದು ಪೇಪರ್‌ನಲ್ಲೆಲ್ಲ ಬಂದಿತ್ತಲ್ಲ. ಹಿಮಾಲಯಕ್ಕೆ ಚಳಿಗಾಲದ ಹಿಮ ತರೋದು ಮೆಡಿಟರೇನಿಯನ್ ಕಡೆಯಿಂದ ಬರೋ ಪಶ್ಚಿಮದ ಮಾರುತ, ಅದು ಕೈ ಕೊಟ್ರೆ ಬರೀ ಬಿಸಿಲು, ಬರೀ ಚಳಿ. ಅಂಥದೊಂದು ಜನವರಿಲಿ ನಾನು ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ದೆ, "ಈ ಸಲ ಸ್ನೋ ಕಮ್ಮಿ ಐತೆ, ಆರಾಮಾಗಿ ಹೋಗ್ಬರಬಹುದು, ಮೈಕ್ರೋಸ್ಪೈಕ್ ಬ್ಯಾಗಲ್ಲಿರ್ಲಿ, ಬೇಕಾದಾಗ ಹೇಳ್ತೀನಿ". ಮೈಕ್ರೋಸ್ಪೈಕ್ ಅಂದ್ರೆ ಜಾರದಿರ್ಲಿ ಅಂತ ಬೂಟಿಗೆ ಹಾಕೋ ಮುಳ್ಳಿನ ಸರಪಳಿ.

ಹೇಳೋ ಹೊತ್ತಿಗೆ ಲೇಟಾಗಿತ್ತು. ಹೊಸ ಹಿಮ ಬಿದ್ದಿಲ್ಲ, ಇದ್ದದ್ದು ಹಗಲೆಲ್ಲ ಕರಗೋದು ರಾತ್ರಿ ಗಟ್ಟಿಯಾಗೋದು, ಮೇಲಿಂದ ನೂರಾರು ಜನ ತುಳಿದು ತುಳಿದು ದಾರಿ ಗಾಜಿನ ಹಾಳೆ ಥರ ಆಗಿತ್ತು. ಬೆಳಗಿನ ಜಾವ ನಾಲ್ಕೂವರೆಗೆ ಹೆಡ್‌ಲ್ಯಾಂಪ್ ಬೆಳಕಲ್ಲಿ ನಡೀತಿದ್ವಿ, ಹಿರಿಯೂರಿನ ಒಬ್ರು, ನನಗಿಂತ ದೊಡ್ಡೋರು, ಹಿಂದೆ ಹಿಂದೆನೇ ಬರ್ತಿದ್ದೋರು ಸರ್ರ್ ಅಂತ ಜಾರಿ ಐವತ್ತು ಅರವತ್ತು ಅಡಿ ಕೆಳಗೆ ಹೋಗಿ ಒಂದು ಕಲ್ಲಿಗೆ ತಗಲಿ ನಿಂತ್ರು. ಮಣಿಕಟ್ಟು ಊದ್ಕೊಂಡಿತ್ತು, ಅಷ್ಟರಲ್ಲೇ ಮುಗೀತು, ಅದು ಅವರ ಪುಣ್ಯ. ಮೇಲೆ ಕರ್ಕೊಂಡು ಬಂದಾಗ ಅವರು ಬೈಲಿಲ್ಲ, "ಹಿಡ್ಕೊಳ್ಳೋಕೆ ಏನೂ ಸಿಗ್ಲಿಲ್ಲ ಕಣಪ್ಪ" ಅಂದ್ರು ಅಷ್ಟೇ. ಬೈದಿದ್ರೇ ಚೆನ್ನಾಗಿತ್ತು.

ಮೆತ್ತನೆ ಹಿಮ ಮೊಣಕಾಲು ತನಕ ಇದ್ದಿದ್ರೆ ಅವರು ಹತ್ತು ಅಡಿಗೇ ಹೂತ್ಕೊಂಡು ನಿಲ್ತಿದ್ರು. ಕಮ್ಮಿ ಇದ್ದಿದ್ದಕ್ಕೇ ಅಷ್ಟು ದೂರ ಹೋಗಿದ್ದು.

ಇದು ಅರ್ಧ ಪಾಠ. ಇನ್ನರ್ಧ ಅದೇ ಸೀಸನ್ ಫೆಬ್ರವರಿ ಕೊನೆಗೆ ಸಿಕ್ತು. ಎರಡು ದಿನ ಬಿಡದೆ ಹಿಮ ಸುರಿದು ಮೂರನೇ ದಿನ ಆಕಾಶ ನೀಲಿ, ಹುಡುಗ್ರೆಲ್ಲ ಫೋಟೋ ಹುಚ್ಚಲ್ಲಿ. ಮೇಲೊಂದು ಕಡಿದಾದ ಇಳಿಜಾರು ದಾಟ್ಬೇಕಿತ್ತು, ನನಗೂ ಹೋಗೋಣ ಅಂತಾನೇ ಇತ್ತು. ನಮ್ ಲೋಕಲ್ ಗೈಡ್, ಐವತ್ತರ ಮೇಲಿನ ಮನುಷ್ಯ, ಮಾತು ಕಮ್ಮಿ, ಸುಮ್ನೆ ಪಕ್ಕದ ಸಣ್ಣ ಇಳಿಜಾರಲ್ಲಿ ಸಲಿಕೆ ತಗೊಂಡು ನೆಲ ಕಾಣೋ ತನಕ ಗುಂಡಿ ತೋಡಿದ. ಮೇಲೆ ಎರಡಡಿ ಹೊಸ ಹಿಮ, ಒತ್ತಾಗಿ ಬಿಳಿ ಗೋಡೆ ಥರ. ಅದರ ಬುಡಕ್ಕೆ ಕೈ ಹಾಕಿದ್ರೆ ಹರಿದ ಚೀಲದಿಂದ ರವೆ ಸುರಿದಂಗೆ ಸುರೀತು. ಕಾಳು ಕಾಳು, ಮುಷ್ಟಿ ಕಟ್ಟಿದ್ರೂ ಉಂಡೆ ಆಗಲ್ಲ.

ಅದು ಜನವರಿಯ ತೆಳು ಹಿಮ. ನೆಲದ ಕಡೆ ಹಿಮ ಹೆಚ್ಚುಕಮ್ಮಿ ಸೊನ್ನೆ ಡಿಗ್ರಿಲೇ ಇರುತ್ತೆ, ಮೇಲ್ಗಡೆ ರಾತ್ರಿ ಮೈನಸ್ 15ಕ್ಕೆ ಇಳಿಯುತ್ತೆ. ಹಿಮ ಆಳವಾಗಿದ್ರೆ ಈ ವ್ಯತ್ಯಾಸ ಮೀಟರ್‌ಗಟ್ಟಲೆ ಹಂಚಿ ಹೋಗುತ್ತೆ, ಒಂದಡಿ ಇದ್ರೆ ಪೂರ್ತಿ ಆ ಒಂದಡಿಲೇ. ಆಗ ಬುಡದ ಆವಿ ಮೇಲಕ್ಕೇಳ್ತಾ ಏಳ್ತಾ ಹಿಮದ ಹರಳುಗಳು ಒಂದಕ್ಕೊಂದು ಬಿಟ್ಕೊಂಡು ಸಕ್ಕರೆ ಥರ ಆಗ್ತವೆ. 10 ಸೆಂಟಿಮೀಟರ್‌ಗೆ 1 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ಸಾಕು. ಇದನ್ನೆಲ್ಲ ನಾನು ಓದಿದ್ದೆ, ಎಕ್ಸಾಮ್‌ಗೆ ಬರ್ದೂ ಇದ್ದೆ, ಕೈಯಲ್ಲಿ ಹಿಡಿದಿರ್ಲಿಲ್ಲ ಅಷ್ಟೇ.

ಆಮೇಲೆ ಆತ 30 ಸೆಂಟಿಮೀಟರ್ ಅಗಲ ಅಷ್ಟೇ ಉದ್ದದ ಒಂದು ಹಿಮದ ಕಂಬ ಕೊರೆದು ಮೇಲೆ ಸಲಿಕೆ ಇಟ್ಟು ತಟ್ಟಿದ. ಲೆಕ್ಕ ಹೆಂಗಂದ್ರೆ ಮಣಿಕಟ್ಟಿಂದ ಹತ್ತು ಏಟು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು, ಎಷ್ಟನೇ ಏಟಿಗೆ ಕಂಬ ಕಳಚುತ್ತೆ ಅಂತ ನೋಡೋದು, ಬೇಗ ಕಳಚಿದಷ್ಟೂ ಅಪಾಯ. ನಮ್ದು ಮಣಿಕಟ್ಟಿನ ಮೂರನೇ ಏಟಿಗೇ ಇಡೀ ತುಂಡು ಸೊಯ್ಯಂತ ಮುಂದಕ್ಕೆ ಜಾರಿ ಗುಂಡಿಗೆ ಬಿತ್ತು. ನಾವು ದಾಟ್ಬೇಕಿದ್ದ ಇಳಿಜಾರು 35 ಡಿಗ್ರಿ ಆಸುಪಾಸು, ಹಿಮಕುಸಿತ ಆಗೋದೂ ಹೆಚ್ಚಾಗಿ 30ರಿಂದ 45ರ ನಡುವೆನೇ.

ವಾಪಸ್ ಅಂದೆ. ಗಲಾಟೆ ಆಯ್ತು. "ದುಡ್ಡು ಕೊಟ್ಟು ದಾವಣಗೆರೆಯಿಂದ ಇಲ್ಲಿ ತನಕ ಬಂದಿರೋದು ಗುಂಡಿ ನೋಡೋಕಾ ಸಾರ್" ಅಂದ ಒಬ್ಬ ಹುಡುಗ. ಅವನಿಗೆ ದ್ರೌಪದಿ ಕಾ ದಂಡಾ ಅನ್ನೋ ಶಿಖರದ ಕಥೆ ಹೇಳಿದೆ. 2022ರ ಅಕ್ಟೋಬರ್ 4, ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡ, ಹಿಮಕುಸಿತಕ್ಕೆ ಸಿಕ್ಕಿ 29 ಜನ ತೀರ್ಕೊಂಡ್ರು, ಕಲಿಯೋರೂ ಕಲಿಸೋರೂ. ಅದೇ ವರ್ಷ ಎವರೆಸ್ಟ್, ಮಕಾಲು ಎರಡನ್ನೂ 16 ದಿನದೊಳಗೆ ಹತ್ತಿದ್ದ ಸವಿತಾ ಕಂಸ್ವಾಲ್ ಅವರೂ ಆ ಹಿಮದಡಿಗೇ ಹೋದ್ರು. ಹುಡುಗ ಸುಮ್ಮನಾದ, ಸಿಟ್ಟು ಇಳಿದಿತ್ತು ಅಂತೇನೂ ಅಲ್ಲ. ರಿವ್ಯೂಲಿ ಒಂದೇ ಸ್ಟಾರ್ ಕೊಟ್ಟ.

ಅಲ್ಲಿಂದ ಮೇಲೆ ನನ್ನ ಟ್ರೇನಿಂಗ್ ಬದಲಾಯ್ತು. ಬರೀ ಗಂಟು, ಹಾರ್ನೆಸ್ ಅಲ್ಲ. ಊರ ಹೊರಗೆ ಒಂದು ಕೆರೆ ಏರಿ ಮೇಲೆ ಟಾರ್ಪಾಲ್ ಹಾಸಿ ನೀರು ಸುರಿದು ಎಲ್ಲರನ್ನೂ ಜಾರಿಸ್ತೀನಿ, ಜಾರೋವಾಗ ಹಿಮಕ್ಕೆ ಕಚ್ಚಿಸೋ ಐಸ್ ಆಕ್ಸ್ ಬದಲು ಮೊಂಡು ಕೋಲು. ತಲೆ ಕೆಳಗಾಗಿ, ಬೆನ್ನು ಕೆಳಗಾಗಿ, ಹೆಂಗೇ ಬಿದ್ರೂ ಹೊಟ್ಟೆ ಮೇಲೆ ಹೊರಳಿ ಎದೆ ಭಾರ ಕೋಲಿನ ಮೇಲೆ ಹಾಕ್ಬೇಕು. ಬೂಟಿಗೆ ಕಟ್ಟೋ ಉದ್ದ ಮುಳ್ಳಿನ ಕ್ರಾಂಪಾನ್ ಇದ್ರೆ ಕಾಲು ಮೇಲೆತ್ತಬೇಕು, ಇಲ್ಲಾಂದ್ರೆ ಮುಳ್ಳು ಸಿಕ್ಕಿ ಪಲ್ಟಿ. ಟಾರ್ಪಾಲ್ ಮೇಲೆ ಕೋಲು ಕಚ್ಚಲ್ಲ, ಅದು ಗೊತ್ತು, ಮೈ ಹೊರಳೋದು ಅಭ್ಯಾಸ ಆಗ್ಲಿ ಅಂತ. ದನ ಮೇಯಿಸೋರು ನಿಂತು ನಗ್ತಾರೆ, ನಗ್ಲಿ. ಸ್ಪೈಕ್ ಹಾಕೋದು, ಬಿಚ್ಚೋದೂ ಕತ್ತಲಲ್ಲಿ ಗ್ಲೌಸ್ ಹಾಕ್ಕೊಂಡೇ.

ಪದರದ ಪಾಠಕ್ಕೆ ಮಾತ್ರ ನಮ್ಮೂರ ಮಂಡಕ್ಕಿನೇ. ಒಂದು ಹಲಗೆ ಮೇಲೆ ಮಂಡಕ್ಕಿ ಹರಡಿ ಅದರ ಮೇಲೆ ಐದು ಕೆಜಿ ಅಕ್ಕಿ ಚೀಲ ಮಲಗಿಸಿ ಹಲಗೆ ನಿಧಾನಕ್ಕೆ ಎತ್ತೋದು. ಚೀಲ ಹಿಡಿಯೋಕೆ ಹೋದೋರು ಯಾರೂ ಇನ್ನೂ ಹಿಡಿದಿಲ್ಲ. ಮಂಡಕ್ಕಿ ಅಂಗಡಿಯೋರು ಮೊನ್ನೆ ಕೇಳ್ತಿದ್ರು, "ಏನಣ್ಣ, ಪ್ರತಿ ಭಾನುವಾರ ಖಾರನೂ ಬೇಡ ಈರುಳ್ಳಿನೂ ಬೇಡ ಅಂತೀಯ, ಬರೀ ಮಂಡಕ್ಕಿ ತಗೊಂಡು ಏನ್ ಮಾಡ್ತೀಯ?"