ಎಫ್ ಇದ್ದ ಜಾಗದಲ್ಲಿ 7

ಅಕ್ಕ ಭರತನಾಟ್ಯದ ವಿಡಿಯೊ ಮಾಡುತ್ತಾಳೆ. ರಂಗಪ್ರವೇಶಗಳು ಶುರುವಾದರೆ ಶನಿವಾರ, ಭಾನುವಾರ ಅವಳು ಮನೆಯಲ್ಲೇ ಇರುವುದಿಲ್ಲ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯ ಎಡಿಎ ರಂಗಮಂದಿರದಲ್ಲಿ ಮೂರು ಕ್ಯಾಮೆರಾ ಇಟ್ಟು ಒಂದು ರಂಗಪ್ರವೇಶ ಶೂಟ್ ಮಾಡಿದ್ದಳು. ಎಡಿಟಿಂಗ್ ಅರ್ಧಕ್ಕೆ ಬಂದಿತ್ತು. ಆಗ ಅವಳ ಲ್ಯಾಪ್‌ಟಾಪ್ ಮೇಲೆ ಒಂದು ಲೋಟ ನೀರು ಚೆಲ್ಲಿತು. ಮತ್ತೆ ಅದು ಏಳಲಿಲ್ಲ. ಫೂಟೇಜ್, ಎಡಿಟಿಂಗ್ ಪ್ರಾಜೆಕ್ಟ್ ಎಲ್ಲ ಬೇರೆ ಡಿಸ್ಕಿನಲ್ಲಿತ್ತು, ಪುಣ್ಯ. ಆದರೆ ಆ ಪ್ರಾಜೆಕ್ಟ್ ಮಾಡಿದ್ದು ಆಪಲ್‌ನ ಎಡಿಟಿಂಗ್ ತಂತ್ರಾಂಶ ಫೈನಲ್ ಕಟ್ ಪ್ರೊದಲ್ಲಿ. ಅದು ಆಪಲ್‌ನ ಮ್ಯಾಕ್ ಕಂಪ್ಯೂಟರುಗಳ ಆಪರೇಟಿಂಗ್ ಸಿಸ್ಟಮ್ ಆದ ಮ್ಯಾಕ್‌ಓಎಸ್ ಬಿಟ್ಟು ಬೇರೆಲ್ಲೂ ತೆರೆಯುವುದಿಲ್ಲ. ಹತ್ತು ದಿನದಲ್ಲಿ ಕೊಡುತ್ತೇನೆ ಅಂತ ಹುಡುಗಿಯ ಅಪ್ಪ ಅಮ್ಮನಿಗೆ ಮಾತು ಕೊಟ್ಟಾಗಿತ್ತು.

ಹೊಸ ಮ್ಯಾಕ್ ತಗೊಳ್ಳುವಷ್ಟು ದುಡ್ಡು ಆ ತಿಂಗಳು ಇಬ್ಬರ ಹತ್ತಿರವೂ ಇರಲಿಲ್ಲ. ಇದ್ದದ್ದು ನಾನೇ ಜೋಡಿಸಿದ ಒಂದು ಪಿಸಿ. ಇಂಟೆಲ್ ಐ5 8400, 16 ಜಿಬಿ ರ್‍ಯಾಮ್, ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್. "ಇದರ ಮೇಲೆ ಮ್ಯಾಕ್‌ಓಎಸ್ ಹಾಕಕ್ಕಾಗುತ್ತೇನೋ?" ಅಂತ ಅಕ್ಕ ಕೇಳಿದಳು. ಆಗುತ್ತೆ. ಇದನ್ನು ಹ್ಯಾಕಿಂಟಾಷ್ ಅನ್ನುತ್ತಾರೆ. ಇದು ಆಪಲ್ ಒಪ್ಪುವ ದಾರಿ ಅಲ್ಲ. ಅವರ ಲೈಸೆನ್ಸ್ ಪ್ರಕಾರ ಮ್ಯಾಕ್‌ಓಎಸ್ ಇರಬೇಕಾದದ್ದು ಅವರದೇ ಕಂಪ್ಯೂಟರಿನಲ್ಲಿ. ಏನಾದರೂ ಕೆಟ್ಟರೆ ಯಾರನ್ನೂ ಕೇಳುವ ಹಾಗಿಲ್ಲ. ಇಷ್ಟನ್ನೂ ಅಕ್ಕನಿಗೆ ಮೊದಲೇ ಹೇಳಿದೆ. ಅವಳು ಒಂದು ನಿಮಿಷ ಯೋಚಿಸಿ, "ಈ ಒಂದು ಕೆಲಸ ಮುಗಿಯಲಿ" ಅಂದಳು.

ಓಪನ್‌ಕೋರ್ ಅನ್ನುವ ಬೂಟ್‌ಲೋಡರ್ ಇದೆ. ಪಿಸಿ ಶುರುವಾಗುವಾಗ ಅದು ಮೊದಲು ಎದ್ದು, ಇದೊಂದು ಐಮ್ಯಾಕ್ ಅಂತ ಮ್ಯಾಕ್‌ಓಎಸ್‌ಗೆ ಪರಿಚಯ ಮಾಡಿಸುತ್ತದೆ. ಅದನ್ನು ಪೆನ್‌ಡ್ರೈವಿಗೆ ಹಾಕಿ ಮ್ಯಾಕ್‌ಓಎಸ್‌ನ ಮಾಂಟೆರೆ ಆವೃತ್ತಿ ಇನ್‌ಸ್ಟಾಲ್ ಮಾಡಲು ಒಂದು ಸಂಜೆ ಸಾಕಾಯಿತು. ಕಷ್ಟ ಬಂದದ್ದು ಗ್ರಾಫಿಕ್ಸ್ ಕಾರ್ಡಿನಲ್ಲಿ. ಜಿಟಿಎಕ್ಸ್ 1060ಗೆ 2017ರ ಹೈ ಸಿಯೆರಾ ಆವೃತ್ತಿಯವರೆಗೆ ಮಾತ್ರ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ ಇದೆ. 2018ರ ಮೊಹಾವಿಯಿಂದ ಈಚೆಗೆ ಇಲ್ಲ. ಎಷ್ಟು ತಿಣುಕಿದರೂ ಬರುವುದಿಲ್ಲ. ಎಎಮ್‌ಡಿ ಕಂಪನಿಯ ಆರ್‌ಎಕ್ಸ್ 580 ಕಾರ್ಡ್ ಆದರೆ ಮ್ಯಾಕ್‌ಓಎಸ್ ಒಳಗೇ ಡ್ರೈವರ್ ಇರುತ್ತದೆ, ಹಾಕಿದ ತಕ್ಷಣ ಕೆಲಸ ಮಾಡುತ್ತದೆ.

ಮಾರನೆಯ ದಿನ ಬನಶಂಕರಿಯಿಂದ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು, ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರೋಡಿಗೆ ನಡೆದೆ. ನನಗೆ ಆ ರಸ್ತೆ ಅಂದರೆ ಪ್ರಾಣ. ಕಾಲೇಜಿನಲ್ಲಿದ್ದಾಗ ಮೊದಲ ರ್‍ಯಾಮ್ ತಂದದ್ದು ಅಲ್ಲೇ. ಆ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಮೈನಿಂಗ್, ಅಂದರೆ ಗ್ರಾಫಿಕ್ಸ್ ಕಾರ್ಡುಗಳಿಂದ ಲೆಕ್ಕ ಮಾಡಿಸಿ ಡಿಜಿಟಲ್ ನಾಣ್ಯ ಗಳಿಸುವ ಕೆಲಸ, ನಿಂತುಹೋಗಿತ್ತು. ಅದಕ್ಕೆ ಅಂತ ಹಗಲೂ ರಾತ್ರಿ ದುಡಿದ ಕಾರ್ಡುಗಳೆಲ್ಲ ಸೆಕೆಂಡ್ ಹ್ಯಾಂಡ್ ಆಗಿ ಅಂಗಡಿಗಳಿಗೆ ಬಂದಿದ್ದವು. ಒಂದು ಸಣ್ಣ ಅಂಗಡಿಯಲ್ಲಿ 8 ಜಿಬಿಯ ಆರ್‌ಎಕ್ಸ್ 580 ಸಿಕ್ಕಿತು. ₹6,500. ಅಂಗಡಿಯವರು ತಮ್ಮ ಪಿಸಿಗೆ ಸಿಕ್ಕಿಸಿ ವಿಂಡೋಸ್ ಓಡಿಸಿ ತೋರಿಸಿದರು. ಚೆನ್ನಾಗಿ ಓಡಿತು.

ಮನೆಗೆ ಬಂದು 1060 ತೆಗೆದು ಇದನ್ನು ಕೂರಿಸಿದೆ. ಸ್ಕ್ರೀನ್ ಬಂತು. ಆದರೆ ಕೆಳಗೆ ಐಕಾನ್‌ಗಳು ಸಾಲಾಗಿ ಕೂರುವ ಪಟ್ಟಿ, ಅಂದರೆ ಡಾಕ್, ಗಾಜಿನ ಹಾಗೆ ಕಾಣುವ ಬದಲು ಬಣ್ಣ ಬಳಿದ ಹಲಗೆ ಥರ ಇತ್ತು. ಸ್ಕ್ರೀನಿನ ಮೇಲಿನ ವಿಂಡೊ ಎಳೆದರೆ ತಡೆದು ತಡೆದು ಬರುತ್ತಿತ್ತು. 'ಅಬೌಟ್ ದಿಸ್ ಮ್ಯಾಕ್' ತೆರೆದರೆ ಗ್ರಾಫಿಕ್ಸ್ ಅನ್ನುವ ಸಾಲಿನಲ್ಲಿ 'ಡಿಸ್‌ಪ್ಲೇ 7 ಎಂಬಿ'. ಎಂಟು ಜಿಬಿ ಕಾರ್ಡು, ಏಳು ಎಂಬಿ ಅಂತಿದೆ! ಅಂದರೆ ಮ್ಯಾಕ್‌ಓಎಸ್ ಕಾರ್ಡನ್ನು ಗುರುತೇ ಹಿಡಿದಿಲ್ಲ. ಸುಮ್ನೆ ಚಿತ್ರ ತೋರಿಸುತ್ತಿದೆ, ಕಾರ್ಡಿನ ಬಲ ಒಂದು ಚೂರೂ ಬಳಸುತ್ತಿಲ್ಲ. ಅಕ್ಕ ಒಂದು ಕ್ಲಿಪ್ ಒತ್ತಿದಳು. ಹುಡುಗಿ ಅರೆಮಂಡಿಯಲ್ಲಿ ಕೂತವಳು ಏಳಲೇ ಇಲ್ಲ. ಮೃದಂಗ ಮಾತ್ರ ಮುಂದೆ ಹೋಯಿತು.

ರಾತ್ರಿ ಊಟ ಆದ ಮೇಲೆ ಕೂತೆ. ಲೀಲು ಮತ್ತು ವಾಟೆವರ್‌ಗ್ರೀನ್ ಅಂತ ಎರಡು ಕೆಕ್ಸ್ಟ್, ಅಂದರೆ ಮ್ಯಾಕ್‌ಓಎಸ್‌ಗೆ ಸೇರಿಸುವ ಸಣ್ಣ ತಂತ್ರಾಂಶಗಳು ಇವೆ. ಗ್ರಾಫಿಕ್ಸ್ ಸರಿಪಡಿಸುವುದೇ ವಾಟೆವರ್‌ಗ್ರೀನ್‌ನ ಕೆಲಸ. ಎರಡರದ್ದೂ ಹೊಸ ಆವೃತ್ತಿ ಹಾಕಿದೆ. ಪಿಸಿಯ ಮೂಲ ಸೆಟ್ಟಿಂಗ್ ಇರುವ ಬಯಾಸ್‌ನಲ್ಲಿ ಸಿಎಸ್‌ಎಂ ಅನ್ನುವ, ಹಳೆಯ ರೀತಿ ಬೂಟ್ ಮಾಡುವ ಆಯ್ಕೆಯನ್ನು ಆಫ್ ಮಾಡಿದೆ. ಇಂಟೆಲ್‌ನ ಒಳಗಿನ ಗ್ರಾಫಿಕ್ಸ್ ಆನ್ ಮಾಡಿ ನೋಡಿದೆ, ಆಫ್ ಮಾಡಿ ನೋಡಿದೆ. ಪ್ರತಿ ಸಲವೂ ರೀಸ್ಟಾರ್ಟ್, ಕಪ್ಪು ಪರದೆ ಮೇಲೆ ಬಿಳಿ ಸಾಲುಗಳ ಓಟ, ಮತ್ತೆ ಅದೇ ಏಳು ಎಂಬಿ. ಒಂದು ಗಂಟೆ ಹೊತ್ತಿಗೆ ನಿಜಕ್ಕೂ ಕಣ್ಣಲ್ಲಿ ನೀರು ಬಂತು. ಅಕ್ಕ ಕೊಟ್ಟ ಮಾತು ನನ್ನ ಕೈಯಲ್ಲಿತ್ತು, ಅಲ್ವಾ.

ಆಮೇಲೆ ಸಿಸ್ಟಮ್ ರಿಪೋರ್ಟ್ ತೆರೆದು ಒಂದೊಂದೇ ಸಾಲು ಓದತೊಡಗಿದೆ. ಮೊದಲೇ ಮಾಡಬೇಕಾಗಿದ್ದ ಕೆಲಸ ಅದು. ವೆಂಡರ್ 1002, ಅಂದರೆ ಎಎಮ್‌ಡಿ, ಸರಿ. ಅದರ ಪಕ್ಕ ಡಿವೈಸ್ ಐಡಿ, ಅಂದರೆ ಯಾವ ಕಾರ್ಡು ಅಂತ ಹೇಳುವ ಗುರುತು: 6ಎಫ್‌ಡಿಎಫ್. ಅಲ್ಲಿಗೆ ಬಂದು ನಿಂತೆ. ಆರ್‌ಎಕ್ಸ್ 580ರ ಐಡಿ 67ಡಿಎಫ್. ನಾಲ್ಕರಲ್ಲಿ ಒಂದೇ ಒಂದು ಬೇರೆ. 7 ಇರಬೇಕಾದ ಕಡೆ ಎಫ್ ಇದೆ.

ಆಗ ಅರ್ಥವಾಯಿತು. 2018ರಲ್ಲಿ ಎಎಮ್‌ಡಿ ಚೀನಾದ ಮಾರುಕಟ್ಟೆಗೆ ಆರ್‌ಎಕ್ಸ್ 580 2048ಎಸ್‌ಪಿ ಅನ್ನುವ ಕಾರ್ಡು ಬಿಟ್ಟಿತ್ತು. ನಿಜವಾದ 580ರಲ್ಲಿ ಲೆಕ್ಕ ಮಾಡುವ ಸಣ್ಣ ಘಟಕಗಳು, ಅಂದರೆ ಸ್ಟ್ರೀಮ್ ಪ್ರೊಸೆಸರ್, 2304 ಇರುತ್ತವೆ. ಇದರಲ್ಲಿ 2048, ಅಂದರೆ ಆರ್‌ಎಕ್ಸ್ 570ರಷ್ಟೇ. ವಿಂಡೋಸ್ ಡ್ರೈವರಿಗೆ ಇದರ ಪರಿಚಯ ಇದೆ, ಅದಕ್ಕೇ ಅಂಗಡಿಯಲ್ಲಿ ಓಡಿತು. ಮ್ಯಾಕ್‌ಓಎಸ್ ಡ್ರೈವರಿನ ಪಟ್ಟಿಯಲ್ಲಿ 67ಡಿಎಫ್ ಇದೆ, ಇದಿಲ್ಲ. ಒಳಗಿನ ಚಿಪ್ ಅದೇ ಪೊಲಾರಿಸ್ ಮನೆತನದ್ದು. ಕೆಲಸ ಮಾಡಲು ಬರುತ್ತದೆ, ಹೆಸರು ಕರೆಯುವವರಿಲ್ಲ, ಅಷ್ಟೇ.

ಹಾಗಾದರೆ ಹೆಸರು ಹೇಳಿಕೊಡಬೇಕು. ಓಪನ್‌ಕೋರ್‌ನ ಕಾನ್ಫಿಗ್ ಫೈಲಿನಲ್ಲಿ ಡಿವೈಸ್ ಪ್ರಾಪರ್ಟೀಸ್ ಅಂತ ಒಂದು ಭಾಗ ಇದೆ. ಅಲ್ಲಿ ಕಾರ್ಡಿನ ದಾರಿ ಬರೆದು, ಅದರ ಕೆಳಗೆ ಹೊಸ ಐಡಿ ಬರೆಯಬೇಕು. ಈ ದಾರಿ ನಮ್ಮ ಬನಶಂಕರಿಯ ವಿಳಾಸದ ಥರಾನೇ. ಮೊದಲು ಹಂತ, ಆಮೇಲೆ ಮೇನ್, ಆಮೇಲೆ ಕ್ರಾಸ್. ಇಲ್ಲಿ ಮೊದಲು ಪಿಸಿಐ ರೂಟ್, ಆಮೇಲೆ ಸೇತುವೆ, ಆಮೇಲೆ ಕಾರ್ಡು. ಒಂದು ತಪ್ಪಿದರೂ ಪಕ್ಕದ ಬೀದಿಯ ಬಾಗಿಲು ಬಡಿದ ಹಾಗೆ. ದಾರಿ ಸರಿಯಾಗಿ ಬರೆದು ಐಡಿ ಜಾಗದಲ್ಲಿ 67 ಡಿಎಫ್ 00 00 ಅಂತ ಹಾಕಿದೆ. ರೀಸ್ಟಾರ್ಟ್. ಏಳು ಎಂಬಿ.

ಮೂರು ಗಂಟೆ ಹೊತ್ತಿಗೆ ಅಕ್ಕ ಎದ್ದು ಬಂದಳು. ಕಾಫಿ ಮಾಡಿ ತಂದು ಪಕ್ಕದಲ್ಲಿ ಕೂತಳು. "ಏನು ಬರೆದಿದೀಯ, ನನಗೂ ಹೇಳು" ಅಂದಳು. ಹೇಳುತ್ತಾ ಹೋದೆ. ಐಡಿ ಎರಡೆರಡು ಅಂಕೆಯ ಜೋಡಿ, ಒಂದೊಂದು ಜೋಡಿಯೂ ಒಂದು ಬೈಟ್, ಇಂಟೆಲ್ ಯಂತ್ರದಲ್ಲಿ ಕೊನೆಯ ಬೈಟ್ ಮೊದಲು ಬರುತ್ತದೆ... ಅಲ್ಲಿಗೆ ನನ್ನ ಮಾತು ನಿಂತಿತು. ನಾನು ಓದುವ ಹಾಗೆ ಬರೆದಿದ್ದೆ, ಯಂತ್ರ ಓದುವ ಹಾಗಲ್ಲ. ಜೋಡಿಗಳನ್ನು ತಿರುಗಿಸಿದೆ. ಡಿಎಫ್ 67 00 00.

ಬಿಳಿ ಸಾಲುಗಳು ಓಡಿದವು. ಒಂದು ಕ್ಷಣ ಸ್ಕ್ರೀನ್ ಪೂರ್ತಿ ಕಪ್ಪಾಯಿತು. ಅಕ್ಕ ನನ್ನ ತೋಳು ಹಿಡಿದುಕೊಂಡಳು. ಆಮೇಲೆ ಡಾಕ್ ಬಂತು, ಹಿಂದಿನ ಚಿತ್ರದ ಬಣ್ಣ ಅದರೊಳಗಿಂದ ಮಂಜು ಮಂಜಾಗಿ ಕಾಣುತ್ತಿತ್ತು. ಗ್ರಾಫಿಕ್ಸ್ ಸಾಲಿನಲ್ಲಿ ರೇಡಿಯಾನ್, 8 ಜಿಬಿ. ಅಕ್ಕ ಅದನ್ನು ಓದಲೂ ಇಲ್ಲ. ಸೀದಾ ಫೈನಲ್ ಕಟ್ ತೆರೆದು ವರ್ಣದ ಟೈಮ್‌ಲೈನ್ ಒತ್ತಿದಳು. ಮೂರು ಕ್ಯಾಮೆರಾ ಒಟ್ಟಿಗೆ ಓಡಿದವು. ಹುಡುಗಿಯ ಹೆಜ್ಜೆ ನೆಲಕ್ಕೆ ಬಿದ್ದ ಗಳಿಗೆಗೇ ಗೆಜ್ಜೆಯ ಸದ್ದು ಬಂತು. ಆ ಜಾಗವನ್ನು ಅಕ್ಕ ನಾಲ್ಕು ಸಲ ಹಿಂದೆ ಮುಂದೆ ಮಾಡಿ ನೋಡಿದಳು.

ಈ ದಾರಿ ಜಾಸ್ತಿ ದಿನ ಇರಲಾರದು ಅಂತ ಆಗಲೇ ಗೊತ್ತಿತ್ತು. ನಮ್ಮಂಥ ಪಿಸಿಯಲ್ಲಿ ಓಡುವುದು ಇಂಟೆಲ್ ಚಿಪ್ಪಿಗೆ ಮಾಡಿದ ಮ್ಯಾಕ್‌ಓಎಸ್. ಮ್ಯಾಕ್‌ಗಳಲ್ಲಿ ಇಂಟೆಲ್ ಚಿಪ್ ಬಿಡುತ್ತೇವೆ ಅಂತ ಆಪಲ್ 2020ರಲ್ಲೇ ಹೇಳಿತ್ತು. ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯ ಆವೃತ್ತಿ ಟಾಹೋ, 2025ರಲ್ಲಿ ಬಂದಿದೆ. ಅಕ್ಕನೂ 2023ರಲ್ಲೇ ಹೊಸ ಮ್ಯಾಕ್ ತಗೊಂಡಳು. ಆದರೆ ಆ ರಾತ್ರಿ ಒಂದು ಯಂತ್ರದ ಒಳಗೆ ನಾನು ಎಷ್ಟು ದೂರ ಹೋಗಿಬಂದೆ ಅನ್ನುವುದು ನನಗೆ ಇವತ್ತಿಗೂ ದೊಡ್ಡದು.

ಎರಡು ದಿನ ಬಿಟ್ಟು ಮತ್ತೆ ಎಸ್.ಪಿ. ರೋಡಿಗೆ ಹೋದೆ. ಜಗಳ ಮಾಡಲಿಕ್ಕಲ್ಲ. ಮುಂದೆ ಕೊಳ್ಳುವವರಿಗೆ ಗೊತ್ತಾಗಲಿ ಅಂತ. ಅಂಗಡಿಯವರು ಪೂರ್ತಿ ಕೇಳಿಸಿಕೊಂಡರು. "ಸಾರ್, ನನಗೆ ಬಂದಿದ್ದೇ 580 ಅಂತ. ಹಿಂಗೊಂದು ವ್ಯತ್ಯಾಸ ಇದೆ ಅಂತಾನೇ ಗೊತ್ತಿರಲಿಲ್ಲ" ಅಂದರು. ಅವರ ಪಿಸಿಯಲ್ಲಿ ಕಾರ್ಡಿನ ವಿವರ ತೋರಿಸುವ ಜಿಪಿಯು-ಜೆಡ್ ಹಾಕಿ ಎಲ್ಲಿ ನೋಡಬೇಕು ಅಂತ ತೋರಿಸಿದೆ. ಕಪಾಟಿನಲ್ಲಿ ಇನ್ನೂ ನಾಲ್ಕು ಕಾರ್ಡು ಇದ್ದವು. ಇಬ್ಬರೂ ಕೂತು ಒಂದೊಂದನ್ನೇ ಸಿಕ್ಕಿಸಿ ನೋಡಿದೆವು. ಮೂರರಲ್ಲಿ 2048, ಒಂದರಲ್ಲಿ 2304. ಅವರು ಮಾರ್ಕರ್ ತಗೊಂಡು ಮೂರು ಡಬ್ಬಿಗಳ ಮೇಲೂ ದಪ್ಪಗೆ 2048 ಅಂತ ಬರೆದರು. ನಾಲ್ಕನೆಯದನ್ನು ನನ್ನ ಕಡೆ ತಳ್ಳಿ, "ನಿಮ್ಮದು ತಂದು ಇದನ್ನ ತಗೊಂಡೋಗಿ ಸಾರ್" ಅಂದರು.

ಬೇಡ ಅಂದೆ. ನಮ್ಮ ಕಾರ್ಡು ಆ ಹೊತ್ತಿಗೆ ಮನೆಯಲ್ಲಿ ತಿಲ್ಲಾನ ರೆಂಡರ್ ಮಾಡುತ್ತಿತ್ತು.