ದೀಪ ತಗ್ಗಿಸುವ ಹೊತ್ತು

ನಮ್ಮ ಮನೆಯಲ್ಲಿದ್ದ ಹಳೆಯ ಮಹೀಂದ್ರಾ ಜೀಪಿನಲ್ಲಿ ಹೆಡ್‌ಲೈಟನ್ನು ಡಿಮ್ ಮಾಡುವ ಗುಂಡಿ ಸ್ಟೀರಿಂಗಿನ ಬಳಿ ಇರಲಿಲ್ಲ; ಕ್ಲಚ್ ಪೆಡಲಿನ ಎಡಕ್ಕೆ, ನೆಲದ ತಗಡಿನಲ್ಲಿ, ಎಡಗಾಲಿನಿಂದ ಒತ್ತುವಂತೆ ಅದನ್ನು ಕೂರಿಸಿದ್ದರು. ಸಕಲೇಶಪುರದ ಕಡೆಯ ತೋಟದ ರಸ್ತೆಗಳಲ್ಲಿ ರಾತ್ರಿ ಬರುವಾಗ, ಮುಂದಿನ ತಿರುವಿನ ಸಿಲ್ವರ್ ಓಕ್ ಮರಗಳ ಮೇಲೆ ಬೇರೊಂದು ವಾಹನದ ಬೆಳಕು ಸರಿದಾಡಿದ್ದು ಕಂಡ ಕೂಡಲೇ ಅಪ್ಪನ ಕಾಲು ಆ ಗುಂಡಿಯ ಮೇಲೆ ಹೋಗುತ್ತಿತ್ತು. ‘ಟಕ್’ ಎಂಬ ಸದ್ದಾಗುತ್ತಿದ್ದಂತೆಯೇ ನಮ್ಮ ಬೆಳಕು ರಸ್ತೆಗೆ ಇಳಿಯುತ್ತಿತ್ತು. ಎದುರಿನ ವಾಹನ ಆಗ ಇನ್ನೂ ಕಣ್ಣಿಗೆ ಬಿದ್ದೇ ಇರುತ್ತಿರಲಿಲ್ಲ. ಅವರು ಡಿಮ್ ಮಾಡಲಿ, ಆಮೇಲೆ ನಾನು ಮಾಡುತ್ತೇನೆ ಎಂಬ ಲೆಕ್ಕಾಚಾರ ಅಪ್ಪನಲ್ಲಿ ಇರಲೇ ಇಲ್ಲ ಎಂಬುದು ನನಗೆ ಅರ್ಥವಾದದ್ದು ಬಹಳ ವರ್ಷಗಳ ನಂತರ, ಅದೂ ಒಂದು ಅಪಾಯದ ಗಳಿಗೆಯಲ್ಲಿ.

ಅರಸೀಕೆರೆಯಿಂದ ತಿಪಟೂರಿನ ಕಡೆಗೆ ಒಬ್ಬನೇ ಕಾರಿನಲ್ಲಿ ಹೋಗುತ್ತಿದ್ದೆ. ಆಗ ಅಲ್ಲಿ ನಡುವೆ ವಿಭಜಕವಿಲ್ಲದ ರಸ್ತೆ, ಎರಡೂ ಬದಿಗೆ ತೆಂಗಿನ ತೋಟ, ಬೀದಿದೀಪದ ಸುಳಿವಿಲ್ಲ. ಎದುರಿನಿಂದ ಬಂದ ಕಾರೊಂದು ಹೈ ಬೀಮ್‌ನಲ್ಲಿತ್ತು, ಅಂದರೆ ಬೆಳಕನ್ನು ತಗ್ಗಿಸದೆ ದೂರಕ್ಕೆ ಬಿಟ್ಟಿತ್ತು. ತಗ್ಗಿಸು ಎಂದು ನಾನು ದೀಪ ಮಿನುಗಿಸಿ ಎರಡು ಸಲ ಡಿಪ್ಪರ್ ಹೊಡೆದೆ, ಆತ ಇಳಿಸಲಿಲ್ಲ. ಸಿಟ್ಟು ಬಂದು ನಾನೂ ಹೈ ಬೀಮ್ ಹಾಕಿ ಹಾಗೆಯೇ ಹಿಡಿದೆ. ಆ ಕಾರು ಪಕ್ಕದಲ್ಲಿ ಹಾದುಹೋದ ಮೇಲೆ ಕೆಲವು ಕ್ಷಣ ನನ್ನ ಮುಂದೆ ರಸ್ತೆಯೇ ಇರಲಿಲ್ಲ, ಬರೀ ಹಸಿರು ಮಿಶ್ರಿತ ಕಪ್ಪು. ಅದು ತಿಳಿಯಾಗುವಷ್ಟರಲ್ಲಿ ಬಾನೆಟ್ಟಿನ ಎದುರಿಗೆ ತೆಂಗಿನ ಸಿಪ್ಪೆ ತುಂಬಿದ ಟ್ರ್ಯಾಕ್ಟರಿನ ಟ್ರೈಲರ್ ಇತ್ತು. ಹಿಂದೆ ಕೆಂಪು ದೀಪವಿಲ್ಲ, ರಿಫ್ಲೆಕ್ಟರ್ ಇಲ್ಲ. ಒಂದು ಬದಿಯ ಹಲಗೆಗೆ ಕಟ್ಟಿದ್ದ ಗೋಣಿಚೀಲದ ನೂಲುಗಳು ಒಂದೊಂದಾಗಿ ಕಾಣುವಷ್ಟು ಹತ್ತಿರದಲ್ಲಿ ಕಾರು ನಿಂತಿತು. ಸಿಪ್ಪೆಯ ರಾಶಿಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಕೆಳಗೆ ಬಗ್ಗಿ, “ಕಾಣಿಸಲಿಲ್ಲವೇನು ಸ್ವಾಮಿ?” ಎಂದು ಕೇಳಿದರು. ನಿಜಕ್ಕೂ ಕಾಣಿಸಿರಲಿಲ್ಲ. ನನ್ನ ಕಣ್ಣಿಗೆ ಕತ್ತಲೆ ಕವಿಸಿದ್ದು ಎದುರಿನ ಕಾರು. ಆದರೆ ನಾನು ಕೆರಳಿಸಿದ್ದು ಎರಡು ಟನ್ ತೂಕದ ವಾಹನವನ್ನು ನನ್ನತ್ತಲೇ ಓಡಿಸಿಕೊಂಡು ಬರುತ್ತಿದ್ದ ಒಬ್ಬ ಮನುಷ್ಯನನ್ನು, ಅದೂ ಅವನ ಕಣ್ಣು ಕಟ್ಟಿ. ಸೇಡಿನ ಹೈ ಬೀಮ್ ಎಂದರೆ ಇಷ್ಟೇ: ಒಬ್ಬ ಕುರುಡನಾಗಿದ್ದ ರಸ್ತೆಯಲ್ಲಿ ಇಬ್ಬರನ್ನು ಕುರುಡಾಗಿಸುವುದು.

ಬೆಳಕು ಬಿದ್ದಾಗ ಕಣ್ಣಿನ ಪಾಪೆ ಒಂದು ಸೆಕೆಂಡಿನೊಳಗೆ ಕಿರಿದಾಗುತ್ತದೆ. ಮತ್ತೆ ಹಿಗ್ಗಲು ಅದಕ್ಕೆ ಹಲವು ಸೆಕೆಂಡುಗಳು ಬೇಕು. ಕತ್ತಲೆಯಲ್ಲಿ ನೋಡಲು ನೆರವಾಗುವ, ಅಕ್ಷಿಪಟಲದಲ್ಲಿರುವ ರೊಡಾಪ್ಸಿನ್ ಎಂಬ ವರ್ಣದ್ರವ್ಯವು ಪ್ರಖರ ಬೆಳಕಿಗೆ ಒಡೆದುಹೋಗುತ್ತದೆ, ಅದು ಪೂರ್ತಿ ಮರುಹುಟ್ಟಿ ಕಣ್ಣು ಕತ್ತಲೆಗೆ ಸಂಪೂರ್ಣವಾಗಿ ಒಗ್ಗಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಹಿಡಿಯುತ್ತದೆ. ವಯಸ್ಸಾದಂತೆ ಈ ಚೇತರಿಕೆ ಇನ್ನೂ ನಿಧಾನ. ಕಣ್ಣಿನಲ್ಲಿ ಪೊರೆ ಬರತೊಡಗಿದವರಿಗಂತೂ ಎದುರಿನ ದೀಪದ ಸುತ್ತ ಬೆಳಕು ಚದುರಿ ಇಡೀ ಗಾಜು ಬೆಳ್ಳಗಾಗುತ್ತದೆ. ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಕೇವಲ ಎರಡು ಸೆಕೆಂಡುಗಳಲ್ಲಿ ಸುಮಾರು 39 ಮೀಟರ್ ಸಾಗುತ್ತದೆ. ಅಷ್ಟು ದೂರದೊಳಗೆ ಒಬ್ಬ ಸೈಕಲ್ ಸವಾರ, ಒಂದು ಎಮ್ಮೆ, ಕೆಟ್ಟು ನಿಂತ ಲಾರಿ, ಏನು ಬೇಕಾದರೂ ಇರಬಹುದು. ಅಂಥ ಹೊತ್ತಿನಲ್ಲಿ ನಾನೀಗ ಮಾಡುವುದು ಎರಡೇ ಕೆಲಸ: ವೇಗವರ್ಧಕದಿಂದ ಕಾಲು ತೆಗೆಯುತ್ತೇನೆ, ಮತ್ತು ದೀಪಗಳನ್ನು ನೋಡದೆ ರಸ್ತೆಯ ಎಡ ಅಂಚಿನ ಬಿಳಿ ಗೆರೆಯ ಮೇಲೆ ದೃಷ್ಟಿ ನೆಡುತ್ತೇನೆ. ಗೆರೆ ಮಾಸಿಹೋಗಿದ್ದರೆ ಟಾರು ಮುಗಿದು ಮಣ್ಣು ಶುರುವಾಗುವ ಅಂಚೇ ಗತಿ.

ಹೀಗೆಂದ ಮಾತ್ರಕ್ಕೆ ಹೈ ಬೀಮ್ ಬಳಸುವುದೇ ತಪ್ಪು ಎಂಬ ಅಭಿಪ್ರಾಯ ನನ್ನದಲ್ಲ. ಒಳ್ಳೆಯ ಮನಸ್ಸಿನ ಕೆಲವರು ಕಗ್ಗತ್ತಲೆಯ ಖಾಲಿ ಹೆದ್ದಾರಿಯಲ್ಲಿಯೂ ಲೋ ಬೀಮ್‌ನಲ್ಲಿಯೇ ನೂರರ ವೇಗದಲ್ಲಿ ಹೋಗುವುದನ್ನು ಕಂಡಿದ್ದೇನೆ, ಅದೂ ಅಷ್ಟೇ ಅಪಾಯಕಾರಿ. ಸಾಮಾನ್ಯ ಕಾರಿನ ಲೋ ಬೀಮ್‌ನಲ್ಲಿ ಕಪ್ಪು ಬಟ್ಟೆ ತೊಟ್ಟು ನಡೆದು ಹೋಗುವ ಮನುಷ್ಯ ಕಾಣಿಸುವುದು ಹೆಚ್ಚೆಂದರೆ ಐವತ್ತು ಅರವತ್ತು ಮೀಟರ್ ದೂರದಿಂದ. ಕಂಡದ್ದನ್ನು ಗ್ರಹಿಸಿ ಬ್ರೇಕಿನ ಮೇಲೆ ಕಾಲಿಡಲು ಒಂದೂವರೆ ಸೆಕೆಂಡು ಹಿಡಿಯುತ್ತದೆ ಎಂದಿಟ್ಟುಕೊಂಡರೆ, ಒಣ ರಸ್ತೆಯಲ್ಲಿ 60ರ ವೇಗದ ಕಾರು ನಿಲ್ಲಲು ಒಟ್ಟು 45 ಮೀಟರಿನಷ್ಟು, 80ರ ವೇಗದ್ದಕ್ಕೆ ಸುಮಾರು 70 ಮೀಟರ್, ನೂರರ ವೇಗದ್ದಕ್ಕೆ ನೂರು ಮೀಟರಿನ ಸನಿಹ ಜಾಗ ಬೇಕು. ಅಂದರೆ ಬರೀ ಲೋ ಬೀಮ್ ಹಾಕಿಕೊಂಡು 60ನ್ನು ಮೀರಿದವರು ತಮಗೆ ಕಾಣದ ರಸ್ತೆಯ ಮೇಲೆ ಓಡಿಸುತ್ತಿದ್ದಾರೆ. ಎದುರು ಯಾರೂ ಇಲ್ಲದ, ಮುಂದೆಯೂ ಯಾವ ವಾಹನವಿಲ್ಲದ, ದೀಪವಿಲ್ಲದ ರಸ್ತೆಯಲ್ಲಿ ಹೈ ಬೀಮ್ ಹಾಕಲೇಬೇಕು. ಅದನ್ನು ಮಾಡಿರುವುದೇ ಅದಕ್ಕಾಗಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 105ನೆಯ ನಿಯಮವೂ 155 ಮೀಟರ್ ಮುಂದಿರುವ ಮನುಷ್ಯರು ಮತ್ತು ವಾಹನಗಳು ಸ್ಪಷ್ಟವಾಗಿ ಕಾಣುವಷ್ಟು ಬೆಳಕನ್ನು ಕೇಳುತ್ತದೆ. ಅದರ ಮುಂದಿನ ನಿಯಮವೇ ಕಣ್ಣು ಕೋರೈಸುವುದರ ಬಗ್ಗೆ ಇದೆ: ದೀಪದಿಂದ ಎಂಟು ಮೀಟರ್ ಮುಂದೆ, ಬಲ ಅಂಚಿನಿಂದ ಅರ್ಧ ಮೀಟರ್ ಆಚೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಬೆಳಕು ಕೋರೈಸದಂತೆ ದೀಪವು ಕೆಳಮುಖವಾಗಿರಬೇಕು, ಇಲ್ಲವೇ ಚಾಲಕ ಅದನ್ನು ಹಾಗೆ ಇಳಿಸಲು ಸಾಧ್ಯವಿರಬೇಕು. ದೂರ ಕಾಣಬೇಕೆಂಬ ನಿಯಮ ಮತ್ತು ಎದುರಿನವನನ್ನು ಕಾಯಬೇಕೆಂಬ ನಿಯಮ ಪುಸ್ತಕದಲ್ಲಿ ಅಕ್ಕಪಕ್ಕದಲ್ಲಿಯೇ ಇವೆ. ರಸ್ತೆಯಲ್ಲಿ ಅವೆರಡನ್ನೂ ಜೋಡಿಸುವ ಕೆಲಸ ನಮ್ಮ ಬಲಗೈ ಬೆರಳುಗಳದ್ದು.

ಎದುರು ಬರುವವರ ವಿಷಯವನ್ನು ಎಲ್ಲರೂ ಮಾತನಾಡುತ್ತಾರೆ. ಮುಂದೆ ಹೋಗುತ್ತಿರುವವರನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಹಿಂದಿನಿಂದ ಬಂದ ಹೈ ಬೀಮ್ ಮೂರು ಕನ್ನಡಿಗಳಲ್ಲಿ ಪ್ರತಿಫಲಿಸಿ ಮುಂದಿನ ಚಾಲಕನ ಕಣ್ಣಿಗೆ ಹೊಡೆಯುತ್ತದೆ, ಅವನಿಗೆ ತನ್ನ ಮುಂದಿನ ರಸ್ತೆಗಿಂತ ಹಿಂದಿನ ಬೆಳಕೇ ಹೆಚ್ಚಾಗಿ ಕಾಣುತ್ತದೆ. ಕಾರಿನೊಳಗಿನ ಕನ್ನಡಿಯ ತಳದಲ್ಲಿ ಬೆರಳಿನಿಂದ ಹಿಂದಕ್ಕೋ ಮುಂದಕ್ಕೋ ದೂಡುವ ಒಂದು ಸಣ್ಣ ನಾಲಿಗೆ ಇರುತ್ತದೆ, ಅದನ್ನು ತಿರುಗಿಸಿದರೆ ಪ್ರತಿಬಿಂಬ ಮಂಕಾಗುತ್ತದೆ. ವರ್ಷಗಟ್ಟಲೆ ಕಾರು ಓಡಿಸಿದವರಲ್ಲಿಯೂ ಅನೇಕರು ಅದನ್ನು ಮುಟ್ಟಿಯೇ ಇರುವುದಿಲ್ಲ. ಆದರೆ ಹೊರಗಿನ ಎರಡು ಕನ್ನಡಿಗಳಿಗೆ, ದ್ವಿಚಕ್ರ ವಾಹನಗಳ ಕನ್ನಡಿಗಳಿಗೆ ಸಾಮಾನ್ಯವಾಗಿ ಆ ಅನುಕೂಲವಿಲ್ಲ. ಆದ್ದರಿಂದ ಇನ್ನೊಂದು ವಾಹನದ ಹಿಂದೆ ಸೇರಿಕೊಂಡ ಕೂಡಲೇ ಬೆಳಕು ತಗ್ಗಬೇಕು. ಓವರ್‌ಟೇಕ್ ಮಾಡುವಾಗ ಒಂದೆರಡು ಸಲ ಡಿಮ್-ಡಿಪ್ ಹೊಡೆದು ತಿಳಿಸಿ, ಆ ವಾಹನದ ಚಾಲಕನ ಸೀಟನ್ನು ದಾಟಿದ ಮೇಲೆ ಬೇಕಿದ್ದರೆ ಹೈ ಬೀಮ್ ಹಾಕಬಹುದು.

ವಿಭಜಕವಿರುವ ಹೆದ್ದಾರಿಯಲ್ಲಿ ಹೈ ಬೀಮ್ ಯಾರಿಗೂ ತೊಂದರೆ ಕೊಡುವುದಿಲ್ಲ ಎಂಬ ನಂಬಿಕೆಯೂ ಬಲವಾಗಿದೆ. ನಡುವಿನ ಪಟ್ಟಿಯಲ್ಲಿ ಕಣಗಿಲೆ, ಬೋಗನ್‌ವಿಲ್ಲಾ ಗಿಡಗಳನ್ನು ಸಾಲಾಗಿ ಬೆಳೆಸುವುದು ಅಂದಕ್ಕಾಗಿ ಮಾತ್ರವಲ್ಲ, ಎದುರಿನ ಬೆಳಕನ್ನು ತಡೆಯಲಿಕ್ಕೂ ಹೌದು. ಬೇಸಿಗೆಯಲ್ಲಿ ಒಣಗಿ ಸಾಲಿನಲ್ಲಿ ಸಂದುಗಳು ಬಿದ್ದ ಕಡೆ, ಊರಿನವರು ದಾಟಲೆಂದು ಗಿಡ ತುಳಿದು ದಾರಿ ಮಾಡಿಕೊಂಡ ಕಡೆ, ಬೆಳಕು ಕತ್ತಿಯ ಹಾಗೆ ಒಮ್ಮೆಲೇ ಬೀಸಿ ಬರುತ್ತದೆ. ಸರ್ವಿಸ್ ರಸ್ತೆಯಲ್ಲಿ ನಮ್ಮ ಎಡಗಡೆಯಿಂದಲೇ ಎದುರಾಗಿ ಬರುವ ವಾಹನಗಳ ದೀಪವಂತೂ, ರಸ್ತೆ ಯಾವ ಕಡೆಗೆ ತಿರುಗುತ್ತದೆ ಎಂಬ ಅಂದಾಜನ್ನೇ ತಪ್ಪಿಸುತ್ತದೆ.

ಇನ್ನೊಂದು ಸಂಗತಿಯನ್ನು ನಾನು ಕಲಿತದ್ದು ಊರಿನಿಂದ ಬೆಂಗಳೂರಿಗೆ ಬರುವಾಗ. ಡಿಕ್ಕಿಯಲ್ಲಿ ಒಂದು ಮೂಟೆ ಅಕ್ಕಿ, ಐವತ್ತು ತೆಂಗಿನಕಾಯಿ, ಹಿಂದಿನ ಸೀಟಿನಲ್ಲಿ ಮೂವರು. ಹಾಸನ ದಾಟಿದಾಗಿನಿಂದ ಎದುರು ಬಂದವರೆಲ್ಲ ನನಗೆ ಡಿಪ್ಪರ್ ಹೊಡೆಯುತ್ತಿದ್ದರು. ಡ್ಯಾಶ್‌ಬೋರ್ಡಿನಲ್ಲಿ ಹೈ ಬೀಮ್‌ನ ನೀಲಿ ಗುರುತು ಇರಲಿಲ್ಲ, ನಾನು ಲೋ ಬೀಮ್‌ನಲ್ಲಿಯೇ ಇದ್ದೆ. ಚನ್ನರಾಯಪಟ್ಟಣದ ಬಳಿ ಕಾಫಿಗೆ ನಿಲ್ಲಿಸಿ ಹೋಟೆಲಿನ ಗೋಡೆಗೆ ಬಿದ್ದ ಬೆಳಕನ್ನು ನೋಡಿದಾಗ ಕಾರಣ ತಿಳಿಯಿತು: ಹಿಂಭಾರಕ್ಕೆ ಕಾರಿನ ಮೂತಿ ಎದ್ದು, ರಸ್ತೆಗೆ ಬೀಳಬೇಕಾದ ಬೆಳಕು ಎದುರಿನವರ ಮುಖದ ಮಟ್ಟಕ್ಕೆ ಏರಿತ್ತು. ಸ್ಟೀರಿಂಗಿನ ಬಲಕ್ಕೆ, ಕೆಳಗೆ, 0ಯಿಂದ 3ರ ವರೆಗೆ ಅಂಕಿಗಳಿರುವ ಪುಟ್ಟ ಗಾಲಿಯೊಂದು ನನ್ನ ಕಾರಿನಲ್ಲಿತ್ತು. ಚಾಲಕನೊಬ್ಬನೇ ಇದ್ದರೆ 0. ಹಿಂದೆ ಭಾರ ಹೆಚ್ಚಿದಂತೆ ಅಂಕಿ ಏರಿಸಿದರೆ ದೀಪದ ಬೆಳಕು ಇಳಿಯುತ್ತದೆ. ಅದನ್ನು 2ಕ್ಕೆ ತಿರುಗಿಸಿದ ಮೇಲೆ ನೆಲಮಂಗಲದ ತನಕ ಯಾರೂ ಡಿಪ್ಪರ್ ಹೊಡೆಯಲಿಲ್ಲ.

ಹೊಸ ಬಲ್ಬು ಹಾಕಿಸುವ ಹುಚ್ಚಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ನಮ್ಮ ಬಹಳಷ್ಟು ಕಾರುಗಳಲ್ಲಿರುವ ಎಚ್4 ಹ್ಯಾಲೊಜೆನ್ ಬಲ್ಬಿನೊಳಗೆ ಎರಡು ತಂತಿಗಳಿವೆ, ಒಂದು 60 ವ್ಯಾಟ್, ಇನ್ನೊಂದು 55. ಲೋ ಬೀಮ್‌ನ ತಂತಿಯ ಕೆಳಗೆ ಚಿಕ್ಕ ಲೋಹದ ಬಟ್ಟಲಿದೆ. ಅದು ಬೆಳಕನ್ನು ಪ್ರತಿಫಲಕದ ಕೆಳಭಾಗಕ್ಕೆ ಹೋಗದಂತೆ ತಡೆಯುವುದರಿಂದಲೇ ಬೆಳಕು ಮೇಲಕ್ಕೆ ಚಿಮ್ಮದೆ, ಗೆರೆ ಎಳೆದಂತೆ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಆ ಗೆರೆ ಎಡಕ್ಕೆ ಮಾತ್ರ ತುಸು ಏರುತ್ತದೆ, ರಸ್ತೆಬದಿಯಲ್ಲಿ ನಡೆಯುವವರು ಕಾಣಲೆಂದು. ಇಷ್ಟು ನಾಜೂಕಾಗಿ ಲೆಕ್ಕ ಹಾಕಿದ ಜಾಗಕ್ಕೆ ಅಂಗಡಿಯಲ್ಲಿ ಸಿಗುವ ಯಾವುದೋ ಎಲ್‌ಇಡಿಯನ್ನು ತುರುಕಿದರೆ ಬೆಳಕು ಹೊರಡುವ ಬಿಂದುವೇ ಬದಲಾಗಿ ಅದು ಎಲ್ಲೆಂದರಲ್ಲಿ ಚದುರುತ್ತದೆ. ಹಾಕಿಸಿಕೊಂಡವರಿಗೆ ಬಾನೆಟ್ಟಿನ ಎದುರು ಹಾಲು ಚೆಲ್ಲಿದಷ್ಟು ಬಿಳುಪು ಕಂಡು ಸಂತೋಷವಾಗುತ್ತದೆ, ಎದುರಿನವರಿಗೆ ಲೋ ಬೀಮೇ ಹೈ ಬೀಮ್ ಆಗುತ್ತದೆ. 2024ರ ಜುಲೈಯಿಂದ ನಮ್ಮ ರಾಜ್ಯದ ಪೊಲೀಸರು ಇಂಥ ದೀಪಗಳ ಮೇಲೆ ಪ್ರಕರಣ ದಾಖಲಿಸುವ ಕಾರ್ಯಾಚರಣೆ ನಡೆಸಿದಾಗ ನನಗೆ ನಿಜವಾಗಿಯೂ ಸಮಾಧಾನವಾಗಿತ್ತು. ಬೆಳಕು ಸಾಲದು ಎನಿಸಿದವರು ಮೊದಲು ಹೆಡ್‌ಲೈಟಿನ ಗಾಜನ್ನು ನೋಡಬೇಕು. ಮಳೆಗಾಲದಲ್ಲಿ ಹುಳುಗಳು ಅಂಟಿ ಒಣಗಿದ್ದರೆ ಒದ್ದೆ ಬಟ್ಟೆಯಿಂದ ನೆನೆಸಿ ಒರೆಸಿದರೆ ಸಾಕು; ಬಿಸಿಲಿಗೆ ಹಳದಿಗಟ್ಟಿದ್ದರೆ ಪಾಲಿಶ್ ಮಾಡಿಸಿದರೆ ಬಹುಪಾಲು ಬೆಳಕು ಮರಳುತ್ತದೆ.

ಕೊಟ್ಟಿಗೆಹಾರದಿಂದ ಚಾರ್ಮಾಡಿಗೆ ಇಳಿಯುವ ಘಾಟಿಯಲ್ಲಿ ಮಂಜು ಕವಿದಾಗ ಹೈ ಬೀಮ್ ಹಾಕಿ ನೋಡಿದವರಿಗೆ ಗೊತ್ತು, ಎದುರಿಗೆ ಬಿಳಿ ಗೋಡೆಯೊಂದು ಎದ್ದು ನಿಲ್ಲುತ್ತದೆ. ಮಂಜಿನ ಹನಿಗಳು ಬೆಳಕನ್ನು ಹಿಂದಕ್ಕೆ ನಮ್ಮ ಕಣ್ಣಿಗೇ ಎಸೆಯುತ್ತವೆ. ಅಲ್ಲಿ ಲೋ ಬೀಮ್, ಇದ್ದರೆ ಕೆಳಗಿನ ಫಾಗ್ ಲ್ಯಾಂಪ್, ಮತ್ತು ನಿಧಾನ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಹಾಕಿಕೊಳ್ಳುವ ಅಭ್ಯಾಸ ಮಳೆಯಲ್ಲಿಯೂ ಮಂಜಿನಲ್ಲಿಯೂ ಹಬ್ಬಿದೆ. ಅದರಿಂದ ಈ ವಾಹನ ನಿಂತಿದೆಯೋ, ಚಲಿಸುತ್ತಿದೆಯೋ, ಯಾವ ಕಡೆಗೆ ತಿರುಗುತ್ತದೆಯೋ ಎಂಬುದು ಹಿಂದಿನವರಿಗೆ ತಿಳಿಯದೆ ಹೋಗುತ್ತದೆ. ಘಾಟಿಯ ತಿರುವುಗಳಲ್ಲಿ ಬೆಳಕೇ ಹಾರ್ನಿನ ಕೆಲಸವನ್ನೂ ಮಾಡುತ್ತದೆ: ಬರುವ ವಾಹನದ ಬೆಳಕು ಬಂಡೆಯ ಮೇಲೆ, ಮರದ ಬೊಡ್ಡೆಯ ಮೇಲೆ ಮೊದಲೇ ಹೊಳೆಯುತ್ತದೆ. ಅದನ್ನು ಕಂಡಾಗಲೇ ಇಳಿಸಿದರೆ ತಿರುವಿನ ನಡುವೆ ಇಬ್ಬರ ಕಣ್ಣೂ ಸ್ವಸ್ಥವಾಗಿರುತ್ತವೆ.

ಈಗಿನ ಕಾರುಗಳಲ್ಲಿ ಎದುರಿನ ದೀಪವನ್ನು ಕಂಡು ತಾನೇ ತಗ್ಗುವ ಸ್ವಯಂಚಾಲಿತ ಹೈ ಬೀಮ್ ಬಂದಿದೆ. ತಂಗಿಯ ಕಾರಿನಲ್ಲಿ ಅದನ್ನು ಕೆಲವು ರಾತ್ರಿ ಬಳಸಿ ನೋಡಿದೆ. ಕಾರು, ಲಾರಿಗಳಿಗೆ ಅದು ಚೆನ್ನಾಗಿಯೇ ತಗ್ಗಿತು. ದೀಪವಿಲ್ಲದೆ ಎದುರು ಬಂದ ಸೈಕಲ್ಲಿನವರಿಗೆ, ರಸ್ತೆಬದಿಯಲ್ಲಿ ಸಾಲಾಗಿ ನಡೆದು ಬರುತ್ತಿದ್ದ ಧರ್ಮಸ್ಥಳದ ಪಾದಯಾತ್ರಿಗಳಿಗೆ ತಗ್ಗಲಿಲ್ಲ. ಅವರು ಅಂಗೈಯನ್ನು ಹಣೆಗೆ ಅಡ್ಡ ಹಿಡಿದು ನಿಂತುಬಿಟ್ಟರು. ನಾನು ಕೈಯಿಂದಲೇ ಇಳಿಸಿದೆ. ಅವರು ಕೈ ಕೆಳಗಿಳಿಸಿ ಮತ್ತೆ ನಡೆಯತೊಡಗಿದರು.