ಮೂರು ಕಮಾಂಡ್‌ಗಳಿಗೆ ಒಂದೇ ಪ್ರೋಗ್ರಾಂ: ಮೂಟೆ ಲೆಕ್ಕದ ಕೆಲಸ ಎಲ್ಲಿಗೆ ಬಂದಿದೆ

ಮೂಡಿಗೆರೆಯ ತೋಟದಿಂದ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗೆ ಹೋಗುವ ಕಾಫಿ ಮೂಟೆಗಳ ಲೆಕ್ಕವನ್ನು ಐಬಿಎಂ ಐನಲ್ಲಿ, ಅಂದರೆ 1988ರಲ್ಲಿ ಹೊರಬಂದ ಎಎಸ್/400 ಎಂಬ ಕಂಪ್ಯೂಟರ್ ವ್ಯವಸ್ಥೆಯ ಇಂದಿನ ರೂಪದಲ್ಲಿ, ಇಡುವ ನನ್ನ ಹವ್ಯಾಸದ ಕೆಲಸ ಈಗ ಕಮಾಂಡ್‌ಗಳ ಹಂತಕ್ಕೆ ಬಂದಿದೆ. ಲಾಟ್ ಸೇರಿಸಲು, ತಿದ್ದಲು, ತೆಗೆಯಲು ಮೂರು ಕಮಾಂಡ್‌ಗಳು ಬೇಕು. ಆದರೆ ಲಾಟ್ ಸಂಖ್ಯೆಯ ಪರೀಕ್ಷೆ, ಫೈಲ್ ತೆರೆದು ದಾಖಲೆ ಹುಡುಕುವುದು, 50 ಕಿಲೋ ಮೂಟೆಯ ಲೆಕ್ಕದಲ್ಲಿ ಒಟ್ಟು ದಾಸ್ತಾನು ಸರಿಪಡಿಸುವುದು ಮೂರಕ್ಕೂ ಒಂದೇ ಆಗಿರುವುದರಿಂದ, ಅದನ್ನು ಮೂರು ಕಡೆ ನಕಲು ಮಾಡಿಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಹಾಗಾಗಿ ಮೂರೂ ಕಮಾಂಡ್‌ಗಳು ಕರೆಯುವುದು ಒಂದೇ ಪ್ರೋಗ್ರಾಂ ಅನ್ನು.

ಯಾವ ಕಮಾಂಡ್ ತನ್ನನ್ನು ಕರೆಯಿತು ಎಂಬುದು ಪ್ರೋಗ್ರಾಂಗೆ ತಾನಾಗಿ ತಿಳಿಯುವುದಿಲ್ಲ. ತಿಳಿಸುವ ಹೊಣೆ ಕಮಾಂಡ್ ಬರೆಯುವವರದು. ಅದಕ್ಕಾಗಿ ಪ್ರತಿ ಕಮಾಂಡ್‌ನ ಮೊದಲ ಪಾರ್ಮ್ ಹೇಳಿಕೆಯಲ್ಲಿ, ಅಂದರೆ ಪ್ರೋಗ್ರಾಂಗೆ ಕಳಿಸುವ ಮೌಲ್ಯವನ್ನು ವಿವರಿಸುವ ಸಾಲಿನಲ್ಲಿ, ಮೂರಕ್ಷರದ ಒಂದು ಕಾನ್‌ಸ್ಟೆಂಟ್ (ಬದಲಾಗದ ಮೌಲ್ಯ) ಇಟ್ಟಿದ್ದೇನೆ: ಸೇರಿಸುವುದಕ್ಕೆ ಎಡಿಡಿ, ತಿದ್ದುವುದಕ್ಕೆ ಸಿಎಚ್‌ಜಿ, ತೆಗೆಯುವುದಕ್ಕೆ ಆರ್‌ಎಂವಿ. ಮೌಲ್ಯಗಳನ್ನು ತುಂಬುವ ಪ್ರಾಂಪ್ಟ್ ಪರದೆ ತರಲು ಎಫ್4 ಒತ್ತಿದರೆ ಈ ಪಾರ್ಮ್ ಅಲ್ಲಿ ಕಾಣುವುದಿಲ್ಲ, ಬಳಸುವವರು ಅದನ್ನು ಬದಲಿಸಲೂ ಆಗುವುದಿಲ್ಲ, ಆದರೆ ಪ್ರೋಗ್ರಾಂಗೆ ಮಾತ್ರ ತಪ್ಪದೆ ತಲುಪುತ್ತದೆ. ಈ ಏರ್ಪಾಡು ನನಗೆ ಬಹಳ ಮೆಚ್ಚುಗೆಯಾಯಿತು.

ತೆಗೆಯುವ ಕಮಾಂಡ್‌ಗೆ ಲಾಟ್ ಸಂಖ್ಯೆಯೊಂದೇ ಸಾಕು. ಪ್ರೋಗ್ರಾಂ ಮಾತ್ರ ಕಾಫಿಯ ಬಗೆ ಮತ್ತು ಮೂಟೆಗಳ ಸಂಖ್ಯೆಯನ್ನೂ ನಿರೀಕ್ಷಿಸುತ್ತದೆ. ಆ ಜಾಗಗಳಿಗೂ ಕಾನ್‌ಸ್ಟೆಂಟ್ ಕೊಟ್ಟು, ಬಗೆಗೆ ಖಾಲಿ ಅಕ್ಷರವನ್ನೂ ಸಂಖ್ಯೆಗೆ ಸೊನ್ನೆಯನ್ನೂ ಕಳಿಸುತ್ತಿದ್ದೇನೆ. ಪ್ರೋಗ್ರಾಂಗೆ ಮೌಲ್ಯಗಳು ಪಾರ್ಮ್ ಹೇಳಿಕೆಗಳನ್ನು ಬರೆದ ಕ್ರಮದಲ್ಲೇ ಸಿಗುವುದರಿಂದ ಮೂರೂ ಕಮಾಂಡ್‌ಗಳ ಮೂಲಗಳಲ್ಲಿ ಆ ಕ್ರಮ, ಮೌಲ್ಯದ ಬಗೆ (ಅಕ್ಷರವೋ ಅಂಕಿಯೋ), ಉದ್ದ ಒಂದೇ ಆಗಿರಲೇಬೇಕು. ಪರದೆಯ ಮೇಲಿನ ಕ್ರಮವನ್ನು ಪ್ರಾಂಪ್ಟ್ ಪಠ್ಯದ ಜೊತೆ ಸಂಖ್ಯೆ ಕೊಟ್ಟು ಬೇರೆಯಾಗಿ ಹೊಂದಿಸಿಕೊಳ್ಳಬಹುದು.

ಪ್ರೋಗ್ರಾಂ ಅನ್ನು ನೇರವಾಗಿ ಕಾಲ್ ಮಾಡುವುದಕ್ಕಿಂತ ಇದು ಎಷ್ಟೋ ಮೇಲು. ಕಮಾಂಡ್ ಲೈನಿನಲ್ಲಿ ಕಾಲ್ ಬರೆದು ಅಂಕಿಯೊಂದನ್ನು ಕೊಟ್ಟರೆ ಅದು 15 ಅಂಕಿಗಳ, 5 ದಶಮಾಂಶ ಸ್ಥಾನಗಳ ಪ್ಯಾಕ್ಡ್ (ಒಂದು ಬೈಟಿನಲ್ಲಿ ಎರಡು ಅಂಕಿ ಹಿಡಿಸುವ) ರೂಪದಲ್ಲಿ, ಪ್ರೋಗ್ರಾಂ ಬೇರೆ ಉದ್ದ ನಿರೀಕ್ಷಿಸುತ್ತಿದ್ದರೂ, ಹೋಗುತ್ತದೆ. ಕಮಾಂಡ್ ಮೂಲಕ ಹೋದರೆ ನಾನು ಹೇಳಿದ ಉದ್ದದಲ್ಲೇ ಹೋಗುತ್ತದೆ.

ಈಗ ತಿದ್ದುವ ಕಮಾಂಡ್‌ಗೆ ಪ್ರಾಂಪ್ಟ್ ಓವರ್‌ರೈಡ್ ಪ್ರೋಗ್ರಾಂ ಬರೆಯುತ್ತಿದ್ದೇನೆ. ಲಾಟ್ ಸಂಖ್ಯೆ ಕೊಟ್ಟೊಡನೆ ಹಳೆಯ ಮೌಲ್ಯಗಳು ಪರದೆಗೆ ಬರಬೇಕು. ಈ ಓವರ್‌ರೈಡ್ ಪ್ರೋಗ್ರಾಂಗೆ ಮೊದಲ ಪಾರ್ಮ್ ಆಗಿ ಕಮಾಂಡ್ ಮತ್ತು ಅದು ಇರುವ ಲೈಬ್ರರಿಯ ಹೆಸರು 20 ಅಕ್ಷರಗಳಲ್ಲಿ ವ್ಯವಸ್ಥೆಯಿಂದಲೇ ಬರುವುದರಿಂದ, ಮುಂದೆ ಬೇರೆ ಕಮಾಂಡ್‌ಗಳೂ ಇದನ್ನು ಹಂಚಿಕೊಳ್ಳುವಾಗ ಕಾನ್‌ಸ್ಟೆಂಟ್‌ನ ಅಗತ್ಯವೇ ಬೀಳುವುದಿಲ್ಲ.